ಕೋಳಿಮನೆಯಲ್ಲಿ ಹಕ್ಕಿಗಳ ದಟ್ಟಣೆ

ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಗಳ ಮನೆಯಲ್ಲಿ ಹಕ್ಕಿಗಳನ್ನು ಹೆಚ್ಚು ಬಿಟ್ಟಷ್ಟೂ ಲಾಭವು ಹೆಚ್ಚೆಂಬ ಭಾವನೆಯು ಅನೇಕ ಭೂಮಾಲಿಕರಲ್ಲುಂಟು. ಈ ಎಣಿಕೆಯು ಮೇಲ್ನೋಟಕ್ಕೆ ಸರಿಯಾಗಿ ಕಂಡರೂ ಪರಿಣಾಮದಲ್ಲಿ ಹಾನಿಕರವಾದುದು. ಮರಿಯನ್ನು ಬಿಟ್ಟ ದಿನ ಅದರ ತೂಕವು ಸುಮಾರು 40 ಗ್ರಾಂ ಮಾತ್ರ; ಆರು ವಾರಗಳೊಳಗಾಗಿ ಅದು 2 ಕಿಲೋಗ್ರಾಮನ್ನು ಮೀರುವುದು. ಮನೆಯ ನೆಲವಾದರೋ ಬೆಳೆಯುವುದಿಲ್ಲ. ಆದಕಾರಣ ಸ್ಥಳದ ಲೆಕ್ಕವನ್ನು ಮರಿಗಳನ್ನು ನೋಡಿಯಲ್ಲ, ಮಾರಾಟದ ಕಾಲದ ತೂಕವನ್ನು ನೋಡಿ ಮಾಡತಕ್ಕದ್ದು.

ಸ್ಥಳವು ಇಕ್ಕಟ್ಟಾದರೆ ಹಕ್ಕಿಗಳ ನಡೆದಾಟವು ಕುಗ್ಗುವುದು. ಮಲಗಿದುದನ್ನು ಮತ್ತೊಂದು ತುಳಿದೆಬ್ಬಿಸುವುದರಿಂದ ವಿಶ್ರಾಂತಿಯು ಕೆಡುವುದು. ಹಿಕ್ಕೆಯು ಹೆಚ್ಚಿ ಹಾಸು ತೇವವಾಗಿ, ಅಮೋನಿಯ ವಾಯುವು ಹುಟ್ಟಿ ಕಣ್ಣುಗಳನ್ನು ಉರಿಸುವುದು, ಪಾದಗಳಲ್ಲಿ ಹುಣ್ಣುಗಳಾಗುವುವು. ಕೋಳಿಗೆ ಬೆವರುವ ಶಕ್ತಿಯಿಲ್ಲ. ಏದುಸಿರಿನಿಂದಲೇ ಅದು ಮೈಯ ಕಾವನ್ನು ಹೊರಗೆಡಹಬೇಕು. ಗುಂಪಿನ ನಡುವೆ ಗಾಳಿಯಾಡದಿದ್ದರೆ ಬೇಸಗೆಯ ಒಂದೇ ಮಧ್ಯಾಹ್ನದಲ್ಲಿ ಅನೇಕ ಹಕ್ಕಿಗಳು ಸಾಯುವುದುಂಟು.

ಆಕ್ಸ್‌ಫರ್ಡಿನ ವಿದ್ವಾಂಸರು ಬ್ರಿಟನ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ 27 ಲಕ್ಷ ಹಕ್ಕಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವು 2004 ರಲ್ಲಿ ಪ್ರಕಟವಾಯಿತು. ಚದರ ಮೀಟರಿಗೆ 30 ರಿಂದ 46 ಕಿಲೋಗ್ರಾಂ ತೂಕದವರೆಗೆ ಹಕ್ಕಿಗಳನ್ನಿಟ್ಟು ನೋಡಲಾಗಿ, ದಟ್ಟಣೆಯು ಬಹಳ ಹೆಚ್ಚಿದಲ್ಲಿ ಬೆಳವಣಿಗೆಯು ತಗ್ಗಿತು, ನೂಕಾಟವು ಹೆಚ್ಚಿತು, ಚೆನ್ನಾಗಿ ನಡೆಯುವ ಹಕ್ಕಿಗಳು ಕಡಿಮೆಯಾದುವು. ಆದರೆ ಒಟ್ಟಿನಲ್ಲಿ ದಟ್ಟಣೆಗಿಂತಲೂ ಮನೆಯೊಳಗಿನ ಗಾಳಿ, ಉಷ್ಣ, ಹಾಸುಗಳ ಸ್ಥಿತಿಯೇ ಹಕ್ಕಿಗಳ ಕ್ಷೇಮಕ್ಕೆ ಹೆಚ್ಚು ಕಾರಣವೆಂದು ತಿಳಿದುಬಂದಿತು.

ಇದರಿಂದ ಸಂಖ್ಯೆಯು ಗೌಣವೆಂದು ವಾದಿಸುವುದು ತಪ್ಪು. ಯಂತ್ರದಿಂದ ಗಾಳಿಯಾಡಿಸುವ ಮುಚ್ಚಿದ ಮನೆಗಳಿಗೆ ಒಪ್ಪುವ ಮಾತು ಕರ್ನಾಟಕದ ತೆರೆದ ಪಕ್ಕಗಳ ಕೋಳಿಮನೆಗಳಿಗೆ ಹಾಗೆಯೇ ಒಪ್ಪದು. ಇಲ್ಲಿ ಬೀಸುವ ಗಾಳಿಯು ರೈತನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಹಕ್ಕಿಗಳ ಸಂಖ್ಯೆಯೊಂದೇ. ಐರೋಪ್ಯ ಒಕ್ಕೂಟದ 2007 ರ ಶಾಸನವೂ ಸಾಮಾನ್ಯವಾಗಿ ಚದರ ಮೀಟರಿಗೆ 33 ಕಿಲೋಗ್ರಾಮನ್ನೇ ಮಿತಿಯಾಗಿಟ್ಟು, ಗಾಳಿ, ಉಷ್ಣ ಮೊದಲಾದುವನ್ನು ಹತೋಟಿಯಲ್ಲಿಡಬಲ್ಲವರಿಗೆ ಮಾತ್ರ ಹೆಚ್ಚಿನ ಅನುಮತಿಯನ್ನು ಕೊಟ್ಟಿತು.

ಹಕ್ಕಿಯೊಂದಕ್ಕೆ ಒಂದು ಚದರಡಿಯೆಂಬ ರೂಢಿಯ ಲೆಕ್ಕದಂತೆ, 2 ಕಿಲೋಗ್ರಾಂ ತೂಕಕ್ಕೆ ಚದರ ಮೀಟರಿಗೆ ಸುಮಾರು 21 ಕಿಲೋಗ್ರಾಂ ಆಗುವುದು. ಇದನ್ನು ಸ್ಥಳದ ಅಪವ್ಯಯವೆಂದು ಬಗೆಯಲಾಗದು. ಬೇಸಗೆಯಲ್ಲಿ ಇದಕ್ಕೂ ವಿರಳವಾಗಿಡುವುದು ಕ್ಷೇಮಕರ. ಕರಾರಿನ ಮೇಲೆ ಸಾಕುವವರು ಮರಿಗಳನ್ನು ಇಳಿಸಿಕೊಳ್ಳುವ ಮೊದಲೇ ಸಂಖ್ಯೆಯನ್ನು ನಿಷ್ಕರ್ಷೆ ಮಾಡಿಕೊಳ್ಳತಕ್ಕದ್ದು. ಗ್ರಾಮದ ಮುಖಂಡರು ಈ ವಿಷಯದಲ್ಲಿ ಅವರಿಗೆ ಬೆಂಬಲವಾಗಿ ನಿಲ್ಲಬೇಕು. ಹಾಸನ್ನು ಹಿಡಿಯಲ್ಲಿ ಹಿಸುಕಿದಾಗ ಅದು ಉಂಡೆಗಟ್ಟಿ ನಿಂತರೆ, ತೇವವು ಮಿತಿಮೀರಿದೆಯೆಂದು ಯಾರಾದರೂ ತಿಳಿಯಬಹುದು.