ಎಡೆದೊರೆಯ ಹಾಳೂರುಗಳು

ಕೃಷ್ಣೆ ತುಂಗಭದ್ರೆಗಳ ನಡುವಣ ನಾಡನ್ನು ನಮ್ಮ ಪೂರ್ವಿಕರು ಎಡೆದೊರೆನಾಡೆಂದು ಕರೆದರು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಈ ನಾಡಿಗೆ ಸೇರಿದವುಗಳು. ಎರಡು ಹೊಳೆಗಳ ನಡುವಿನ ಭೂಮಿಗೆ ಸಮೃದ್ಧಿಯು ಸಹಜವಾಗಿ ಬರತಕ್ಕದ್ದು. ಆದರೆ ಎರಡು ರಾಜ್ಯಗಳ ನಡುವೆ ಸಿಕ್ಕಿಬಿದ್ದ ಭೂಮಿಗೆ ಇನ್ನೂರು ವರ್ಷಗಳ ಕಾಲ ಬಂದುದು ದಂಡು, ಬೆಂಕಿ, ಸುಲಿಗೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋಗುವವರು ಕಂದಕವನ್ನೂ ಬುರುಜುಗಳನ್ನೂ ಹೆಬ್ಬಾಗಿಲುಗಳನ್ನೂ ಕಂಡು ಬೆರಗಾಗುತ್ತಾರೆ; ಬುಕ್ಕರಾಯ, ಫಿರೋಜ್ ಶಹಾ, ಕೃಷ್ಣದೇವರಾಯರ ಹೆಸರುಗಳನ್ನು ನೆನೆದು ಹಿಂದಿರುಗುತ್ತಾರೆ. ಇದು ತಪ್ಪಲ್ಲ. ಆದರೆ ಈ ಕೋಟೆಗಾಗಿ ನಡೆದ ಕಾಳಗಗಳಲ್ಲಿ ಬೆಂದುಹೋದ ಹಳ್ಳಿಗಳೆಲ್ಲಿ ಎಂದು ಕೇಳುವವರು ವಿರಳ.

ಫ್ರಾನ್ಸ್ ದೇಶದಲ್ಲಿ ಒರಾದೂರ್ ಎಂಬ ಹಳ್ಳಿಯೊಂದಿತ್ತು. 1944ನೆಯ ಜೂನ್ 10ರಂದು ಜರ್ಮನ್ ಸೈನಿಕರು ಅಲ್ಲಿಯ 640ಕ್ಕೂ ಮಿಕ್ಕಿದ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಒಂದೇ ಮಧ್ಯಾಹ್ನದಲ್ಲಿ ಕೊಂದು ಊರಿಗೆ ಬೆಂಕಿಯಿಟ್ಟರು. ಯುದ್ಧಾನಂತರ ಫ್ರೆಂಚ್ ಸರ್ಕಾರವು ಆ ಹಾಳುಗೋಡೆಗಳನ್ನು ಕೆಡವಲಿಲ್ಲ, ದುರಸ್ತಿ ಮಾಡಿ ಮನೆಗಳನ್ನಾಗಿಯೂ ಮಾಡಲಿಲ್ಲ. ಇದ್ದುದನ್ನು ಇದ್ದಂತೆಯೇ ಕಾಪಾಡಿ, ಹೊಸ ಊರನ್ನು ಪಕ್ಕದಲ್ಲಿ ಕಟ್ಟಿತು. ಅಲ್ಲಿಗೆ ಹೋದವನು ಯಾವ ಸೇನಾಧಿಪತಿಯ ಪರಾಕ್ರಮವನ್ನೂ ನೋಡುವುದಿಲ್ಲ. ಸುಟ್ಟ ಬೀದಿಯಲ್ಲಿ ನಡೆದು, ಬಡವನ ಮನೆಯ ಒಲೆಯನ್ನೂ ತುಕ್ಕು ಹಿಡಿದ ಹೊಲಿಗೆಯಂತ್ರವನ್ನೂ ನೋಡಿ ಮೌನವಾಗಿ ಹೊರಬರುತ್ತಾನೆ.

ನಮ್ಮ ಎಡೆದೊರೆಯಲ್ಲಿ ಅಂತಹ ಊರು ಏಕಿಲ್ಲ? ಹಳ್ಳಿಗಳು ಸುಡಲಿಲ್ಲವೆಂದಲ್ಲ. ಕಲ್ಲಿನ ಕೋಟೆಯು ಐನೂರು ಮಳೆಗಾಲಗಳನ್ನು ತಾಳಿತು. ಒಕ್ಕಲಿಗನ ಮಣ್ಣಿನ ಮನೆಯು ಐದು ಮಳೆಗಾಲಗಳಲ್ಲಿ ಹೊಲದೊಡನೆ ಒಂದಾಯಿತು. ಉಳಿದವರು ಹಿಂದಿರುಗಿದ್ದರೆ ಅದೇ ದಿಬ್ಬದ ಮೇಲೆ ಮತ್ತೆ ಮನೆ ಕಟ್ಟಿದರು; ಹಿಂದಿರುಗದಿದ್ದರೆ ಊರು ಕಂದಾಯದ ದಫ್ತರದಲ್ಲಿ ಬೇಚಿರಾಖ್ ಎಂದು ದಾಖಲಾಯಿತು. ಬೇಚಿರಾಖ್ ಎಂದರೆ ದೀಪವಿಲ್ಲದ್ದು ಎಂದರ್ಥ. ಹೆಸರುಂಟು, ಎಲ್ಲೆಯುಂಟು, ಸರ್ವೆ ನಂಬರುಂಟು. ಸಂಜೆ ದೀಪ ಹಚ್ಚುವವರು ಮಾತ್ರ ಇಲ್ಲ. ಇಂತಹ ಊರುಗಳೆಲ್ಲವೂ ಯುದ್ಧದಿಂದಲೇ ಹಾಳಾದುವೆಂದು ನಾವು ಹೇಳುವುದಿಲ್ಲ. ಬರಗಾಲವೂ ಪ್ಲೇಗೂ ತಮ್ಮ ಪಾಲನ್ನು ತೆಗೆದುಕೊಂಡಿವೆ. ಆದರೆ ಹೊಲದ ನಡುವೆ ಒಂಟಿಯಾಗಿ ನಿಂತ ಹನುಮಪ್ಪನ ಗುಡಿಯನ್ನು ಕಂಡಾಗ, ಇವನ ಭಕ್ತರು ಎಲ್ಲಿ ಹೋದರೆಂಬ ಪ್ರಶ್ನೆಯನ್ನಾದರೂ ಕೇಳಬೇಕು.

ಚರಿತ್ರೆಯು ಉತ್ತರವನ್ನು ತಕ್ಕಮಟ್ಟಿಗೆ ಕೊಡುತ್ತದೆ. ವಿಜಾಪುರದ ಆಸ್ಥಾನದಲ್ಲಿದ್ದು ಗ್ರಂಥ ಬರೆದ ಫೆರಿಷ್ತಾ ಹೇಳುವಂತೆ, 1366ರಲ್ಲಿ ಬುಕ್ಕರಾಯನು ಮುದಗಲ್ಲನ್ನು ಹಿಡಿದು ಅಲ್ಲಿದ್ದವರನ್ನು ಕೊಲ್ಲಿಸಿದನು. ಬಹಮನಿಯ ಮಹಮ್ಮದ್ ಶಹನು ಸೇಡಿಗಾಗಿ ಲಕ್ಷ ಜನರನ್ನು ಕೊಲ್ಲುವೆನೆಂದು ಆಣೆಯಿಟ್ಟು ಊರೂರುಗಳನ್ನು ನಿರ್ಜನ ಮಾಡಿದನು. 1406ರ ಸುಮಾರಿಗೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳನ್ನು ತರಲು ದೇವರಾಯನು ದಂಡನ್ನು ಕಳುಹಿಸಿದನು. ಆ ಕುಟುಂಬವು ಓಡಿಹೋಗಿತ್ತು. ಹುಡುಗಿ ಸಿಗದ ದಂಡು ದಾರಿಯ ಹಳ್ಳಿಗಳನ್ನು ಹಾಳುಗೆಡವಿತು. ಫೆರಿಷ್ತಾನು ಈ ಘಟನೆಗಳಿಗೆ ಎರಡು ಶತಮಾನಗಳ ತರುವಾಯ ಬರೆದವನು, ಒಂದು ಪಕ್ಷಕ್ಕೆ ಸೇರಿದವನು. ಅವನ ಅಂಕಿಗಳನ್ನು ಯಥಾವತ್ತಾಗಿ ನಂಬಬೇಕಾಗಿಲ್ಲ. ಆದರೆ ಎರಡು ಪಕ್ಷಗಳ ಕುದುರೆಗಳೂ ಬೆಳೆದ ಜೋಳವನ್ನೇ ತುಳಿದುವೆಂಬುದರಲ್ಲಿ ಸಂಶಯವಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಅದನ್ನು ನಾವು ಮರೆತಿದ್ದೇವೆ. 1366ರ ಯುದ್ಧದ ಕೊನೆಯಲ್ಲಿ ವಿಜಯನಗರದ ರಾಯಭಾರಿಗಳ ಬಿನ್ನಹವನ್ನು ಸುಲ್ತಾನನು ಒಪ್ಪಿ, ಸೆರೆಯಾದವರನ್ನೂ ನಿರಾಯುಧರಾದ ಪ್ರಜೆಗಳನ್ನೂ ಇನ್ನು ಮುಂದೆ ಕೊಲ್ಲಬಾರದೆಂದು ವಿಧಿಸಿದನಂತೆ. ಅದು ದಖ್ಖಣದ ಪದ್ಧತಿಯಾಯಿತೆಂದು ಆತನ ಹೇಳಿಕೆ. ಜಿನೀವಾದ ಒಪ್ಪಂದಗಳಿಗೆ ಐನೂರು ವರ್ಷಗಳ ಹಿಂದೆ, ಮುದಗಲ್ಲಿನ ರಕ್ತದಿಂದ ಈ ನಿಯಮವು ಹುಟ್ಟಿತು. ಅದು ಉಳಿಯಲಿಲ್ಲವೆಂಬುದೂ ನಿಜ: 1422ರಲ್ಲಿ ಪಟ್ಟವೇರಿದ ಅಹ್ಮದ್ ಶಹನು, ಕೊಂದವರ ಸಂಖ್ಯೆ 20,000 ಮುಟ್ಟಿದಾಗಲೆಲ್ಲ ಮೂರು ದಿನ ನಿಂತು ಉತ್ಸವ ಮಾಡಿದನೆಂದು ಅದೇ ಲೇಖಕನು ಬರೆದಿದ್ದಾನೆ. ನಿಯಮವನ್ನು ಮಾಡಿದರೆ ಸಾಲದು, ಅದರ ಕಾರಣವನ್ನು ಜನರ ಕಣ್ಣೆದುರಿಗೆ ಇಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಂತಹ ನೆನಪು ಹಳೆಯ ದ್ವೇಷವನ್ನು ಕೆದಕೀತೆಂದು ಕೆಲವರು ಅಂಜಬಹುದು. ರಾಜರ ಗೆಲವು ಸೋಲುಗಳನ್ನು ಮಾತ್ರ ಹೇಳಿದರೆ ದ್ವೇಷವು ಕೆದಕೀತು. ಅಲ್ಲಿ ಕೇಳುಗನು ಒಂದು ಪಕ್ಷವನ್ನು ಹಿಡಿಯಲೇಬೇಕಾಗುತ್ತದೆ. ಹಳ್ಳಿಯ ಕಥೆಯಲ್ಲಿ ಹಿಡಿಯಲು ಪಕ್ಷವೇ ಇಲ್ಲ. ಮುದಗಲ್ಲಿನ ಮೊಹರಮ್ಮಿಗೆ ಹಿಂದೂ ಮುಸಲ್ಮಾನರು ಕೂಡಿಯೇ ನೆರೆಯುತ್ತಾರೆ. ಕೋಟೆಗಾಗಿ ಕಾದಾಡಿದ ಅರಸುಮನೆಗಳು ಅಳಿದ ಬಳಿಕ, ಆ ಕೋಟೆಯ ನೆರಳಿನ ಜನರು ಮಾಡಿಕೊಂಡ ಸಂಧಾನವಿದು.

ಮಸ್ಕಿಯ ಬಂಡೆಯನ್ನು ಈ ದೃಷ್ಟಿಯಿಂದ ನೋಡಬೇಕು. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಎಂಬವರು ಆ ಶಾಸನವನ್ನು ಕಂಡುಹಿಡಿದರು; ದೇವಾನಾಂಪ್ರಿಯನೇ ಅಶೋಕನೆಂಬುದು ಅದರಿಂದ ಸ್ಥಿರವಾಯಿತೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದರಲ್ಲಿ ಹೆಸರಿಗಿಂತ ದೊಡ್ಡ ಮಾತೊಂದುಂಟು: ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಅಲ್ಪನಾದವನೂ ಅದನ್ನು ಪಡೆಯಬಲ್ಲನು ಎಂಬುದು. ಕಳಿಂಗದಲ್ಲಿ ಲಕ್ಷ ಜನರು ಮಡಿದರು, ಒಂದೂವರೆ ಲಕ್ಷ ಜನರು ಸೆರೆಹೋದರು ಎಂದು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ಒಪ್ಪಿಕೊಂಡ ಅರಸನ ಮಾತಿದು. ಸೋತವರ ಸಂಕಟವನ್ನು ಗೆದ್ದವನೇ ಕಲ್ಲಿನಲ್ಲಿ ಕೊರೆಯಿಸಿದುದು ಅಪೂರ್ವ. ಅಲ್ಪನನ್ನು ನೆನೆದ ಆ ಕಲ್ಲಿನ ಸುತ್ತಲೇ ಅಲ್ಪರ ಊರುಗಳು ಹೆಸರಿಲ್ಲದೆ ಅಳಿದುವು.

ಮಸ್ಕಿಯಿಂದ ಸಿಂಧನೂರಿಗೆ ಬಂದರೆ ತುಂಗಭದ್ರೆಯ ಕಾಲುವೆಯ ಬತ್ತದ ಗದ್ದೆಗಳ ನಡುವೆ ಪುನರ್ವಸತಿ ಶಿಬಿರಗಳು ಎದುರಾಗುತ್ತವೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವು ಇಲ್ಲಿ ನೆಲೆ ಕೊಟ್ಟಿತು. ಅವರು ಬಿಟ್ಟುಬಂದ ಊರು ಮುದುಕರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಉಳಿದಿಲ್ಲ. ಆ ಮುದುಕರು ಕಣ್ಮುಚ್ಚಿದಾಗ ಅದೂ ಇಲ್ಲವಾಗುವುದು. ಎಡೆದೊರೆಯ ಸುಟ್ಟ ಹಳ್ಳಿಗಳ ಸುದ್ದಿಯನ್ನು ಬರೆದಿಡುವವರಿಲ್ಲದೆ ಹೋದುದೂ ಹೀಗೆಯೇ.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಮುದಗಲ್ಲಿನ ಹೆಬ್ಬಾಗಿಲಿನಲ್ಲಿ, ಈ ಕೋಟೆಗಾಗಿ ನಾಶವಾದ ಹಳ್ಳಿಗಳನ್ನೂ, 1366ರ ಆ ನಿಯಮವನ್ನೂ ಶುದ್ಧ ಕನ್ನಡದಲ್ಲಿ ಹೇಳುವ ಒಂದು ಕಲ್ಲನ್ನು ನಿಲ್ಲಿಸಬೇಕು. ಮೂರು ತಾಲ್ಲೂಕುಗಳ ಬೇಚಿರಾಖ್ ಗ್ರಾಮಗಳ ಪಟ್ಟಿಯನ್ನು ದಫ್ತರದಿಂದ ಹೊರತೆಗೆದು, ಪ್ರತಿಯೊಂದರ ಬಗೆಗೆ ನೆರೆಯೂರಿನ ಹಿರಿಯರು ಹೇಳುವುದನ್ನು ಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಬರೆದಿಡಬೇಕು. ಶಿಬಿರಗಳ ವೃದ್ಧರ ಮಾತನ್ನೂ ಅದರೊಡನೆ ಸೇರಿಸಬೇಕು. ಇದಕ್ಕೆ ದೊಡ್ಡ ಹಣ ಬೇಡ, ಹೊಸ ಕಾಯಿದೆಯೂ ಬೇಡ. ಕೋಟೆಯನ್ನು ಕಾಪಾಡುವುದು ಸರ್ಕಾರದ ಕರ್ತವ್ಯ. ದೀಪ ಆರಿದ ಊರುಗಳ ಹೆಸರನ್ನು ಉಳಿಸುವುದು ಆ ನೆಲದ ಅನ್ನ ಉಣ್ಣುವ ನಮ್ಮೆಲ್ಲರ ಋಣ.