ತಂಡ ಆರಿಸುವವರು ಯಾರಿಗೆ ಉತ್ತರ ಹೇಳಬೇಕು?

ಅಮ್ಮತ್ತಿಯ ಹೋಟೆಲುಗಳಲ್ಲಿ, ಬಸ್ಸು ಕಾಯುವ ಕಟ್ಟೆಗಳಲ್ಲಿ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಎರಡು ಮಾತಿಗೆ ಎಂದೂ ಬರವಿಲ್ಲ. ಒಂದು ಕಾಫಿಯ ಧಾರಣೆ, ಇನ್ನೊಂದು ಕ್ರಿಕೆಟ್ ತಂಡ. ಇವನನ್ನೇಕೆ ಕೈಬಿಟ್ಟರು, ಅವನನ್ನೇಕೆ ಸೇರಿಸಿದರು, ನಾಯಕನಿಗೂ ತರಬೇತುದಾರನಿಗೂ ಮಾತುಕತೆ ಇದೆಯೋ ಇಲ್ಲವೋ, ಡ್ರೆಸಿಂಗ್ ರೂಮಿನಲ್ಲಿ ಯಾರು ಯಾರ ಕಡೆ ಎಂಬ ಚರ್ಚೆ ಅಂಗಡಿಯ ಬಾಗಿಲು ಹಾಕುವವರೆಗೂ ನಡೆಯುತ್ತದೆ.

ಇದನ್ನು ಕಂಡು ನಮ್ಮವರೇ ಕೆಲವರು ಮೂಗು ಮುರಿಯುತ್ತಾರೆ. ಕ್ರಿಕೆಟ್ಟು ಉಳ್ಳವರ ಆಟ, ಕೂಲಿಯವನಿಗೆ ಅದರಿಂದೇನು ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಅರ್ಹನಿಗೆ ಸ್ಥಾನ ಸಿಗಬೇಕೆಂದು ಗಂಟಲು ಹರಿದುಕೊಳ್ಳುವ ಮನುಷ್ಯ, ತಿಳಿದೋ ತಿಳಿಯದೆಯೋ, ಸಮತೆಯ ಮಾತನ್ನೇ ಆಡುತ್ತಿದ್ದಾನೆ. ನಮ್ಮ ತಕರಾರು ಚರ್ಚೆಯ ಮೇಲಲ್ಲ, ಅದು ಹಿಡಿದಿರುವ ದಾರಿಯ ಮೇಲೆ. ಅದು ಇಬ್ಬರ ಸ್ನೇಹ, ಇಬ್ಬರ ಜಗಳದ ಸುದ್ದಿಯಲ್ಲಿಯೇ ಮುಗಿದುಹೋಗುತ್ತದೆ. ಆರಿಸುವವರು ಯಾರು, ಅವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಮಣ್ಣಿನ ಕುಡಿಕೆಯ ಚಹಾ

ಆಟಗಾರರ ನಡುವಣ ಸಂಬಂಧವೆಂದರೆ ಏನೆಂದು ತಿಳಿಯಬೇಕಾದವರು ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಅವರ ಕಥೆಯನ್ನು ಓದಬೇಕು. ಚರ್ಮಕಾರ ಸಮುದಾಯದ ಬಾಳೂ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನ ಹದಮಾಡುವ ಕೆಲಸಕ್ಕಿದ್ದರು. ದೊರೆಗಳಿಗೆ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡು ಎಸೆದರು. ಬ್ಯಾಟು ಹಿಡಿಯುವ ಅವಕಾಶ ಮಾತ್ರ ಅವರಿಗಿರಲಿಲ್ಲ. ಬಿಳಿಯರನ್ನು ಸೋಲಿಸಬೇಕೆಂಬ ಹಂಬಲ ಹುಟ್ಟಿದಾಗ ಪುಣೆಯ ಹಿಂದೂ ಕ್ಲಬ್ಬಿನವರಿಗೆ ಈ ಎಡಗೈ ಬೌಲರನ ನೆನಪಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ವಿರಾಮ ಬಂದಾಗ ಉಳಿದವರಿಗೆ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ!

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಗೆಲುವಿನ ಬಲವಾಗಿ ನಿಂತವರಲ್ಲಿ ಬಾಳೂ ಒಬ್ಬರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 100ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಇಷ್ಟಾದರೂ ಹಿಂದೂ ತಂಡದ ನಾಯಕಪಟ್ಟ ಅವರಿಗೆ ದೊರೆಯಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ಆಡಲಾರೆವೆಂದು ಹೊರಗೆ ನಿಂತರು. ಜನ ಮಾತಾಡಿದರು, ಪತ್ರಿಕೆಗಳು ಬರೆದವು. ಸಮಿತಿ ಮಣಿಯಿತು. ಬಾಳೂ ಉಪನಾಯಕರಾಗಿ ಮರಳಿದರು. 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕರಾಗಿ ಗೆದ್ದು ತೋರಿಸಿದರು.

ಆಯ್ಕೆ ಬಲ್ಲವರ ಕೆಲಸ, ಹೋಟೆಲಿನಲ್ಲಿ ಕುಳಿತವರು ಬಾಯಿ ಹಾಕಬಾರದು ಎನ್ನುವ ಮಹನೀಯರನ್ನು ನಾವು ಕೇಳುತ್ತೇವೆ: ಬಾಳೂ ಅವರ ಯೋಗ್ಯತೆ ಅಂದಿನ ಬಲ್ಲವರಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೊಡಲಿಲ್ಲ. ಅವರಿಗೆ ಕೊರತೆಯಾದದ್ದು ತಿಳಿವಳಿಕೆಯಲ್ಲ, ನ್ಯಾಯಬುದ್ಧಿ. ಆ ಕೊರತೆಯನ್ನು ತುಂಬಿದವರು ಆಟದ ಪಂಡಿತರಲ್ಲ. ಆಡದೆ ನಿಂತ ಇಬ್ಬರು ತಮ್ಮಂದಿರು, ಅವರ ಬೆನ್ನಿಗೆ ನಿಂತ ಸಾಮಾನ್ಯ ಜನ.

ಬೀಗ ಹಾಕಿದ ಕೋಣೆ

ಇಂದು ಮಣ್ಣಿನ ಕುಡಿಕೆ ಹೋಗಿದೆ. ಬೀಗ ಹೋಗಿಲ್ಲ. 2017ರ ಜೂನ್ ತಿಂಗಳಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಭಾರತ ತಂಡದ ತರಬೇತುದಾರನ ಕೆಲಸ ಬಿಟ್ಟರು. ನಾಯಕ ವಿರಾಟ್ ಕೊಹ್ಲಿಗೆ ತನ್ನ ರೀತಿಯ ಬಗ್ಗೆ ಆಕ್ಷೇಪವಿದೆಯೆಂದು ಮಂಡಳಿ ತನಗೆ ತಿಳಿಸಿತೆಂದು ಅವರೇ ಹೇಳಿದರು. ಆಕ್ಷೇಪವೇನು? ಅದನ್ನು ವಿಚಾರಿಸಿದವರು ಯಾರು? ತೀರ್ಮಾನಿಸಿದವರು ಯಾರು? ಮಂಡಳಿ ಬಾಯಿಬಿಟ್ಟು ಹೇಳಲಿಲ್ಲ. ಅಭಿಮಾನಿಗಳು ಕುಂಬ್ಳೆ ಪಕ್ಷ, ಕೊಹ್ಲಿ ಪಕ್ಷ ಎಂದು ಇಬ್ಭಾಗವಾಗಿ ಬಡಿದಾಡಿಕೊಂಡರು. ಮಂಡಳಿಯ ಪಕ್ಕ ಬಿಟ್ಟು ಪ್ರಶ್ನೆ ಬೇರೆಲ್ಲೋ ಹೋಯಿತು. ಮಂಡಳಿಗೆ ಬೇಕಾದದ್ದೂ ಅದೇ.

ಕರುಣ್ ನಾಯರ್ ವಿಷಯ ನೋಡಿ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟಿಗೆ ಅಜಿಂಕ್ಯ ರಹಾನೆ ಮರಳಿದ ಕಾರಣಕ್ಕೆ ಅವರನ್ನು ಹೊರಗಿಟ್ಟರು. ಹಾಗೆ ಮಾಡಲು ಕಾರಣವಿತ್ತು ಎಂದೇ ಇಟ್ಟುಕೊಳ್ಳೋಣ. 2018ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದು ಪ್ರವಾಸವಿಡೀ ಬೆಂಚಿನ ಮೇಲೆ ಕೂರಿಸಿದರು. ಕಡೆಯ ಟೆಸ್ಟಿನಲ್ಲಿ, ನಡುವೆ ಕರೆಸಿಕೊಂಡ ಹನುಮ ವಿಹಾರಿಗೆ ಸ್ಥಾನ ಕೊಟ್ಟರು. ವಿಹಾರಿಯ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಆದರೆ 300 ಹೊಡೆದವನು ಮತ್ತೆ ಟೆಸ್ಟ್ ಆಡಲು 2017ರಿಂದ 2025ರ ತನಕ ಕಾದನಲ್ಲ, ಆ ಎಂಟು ವರ್ಷಗಳ ಕಾರಣ ಯಾವ ಕಾಗದದಲ್ಲಿದೆ? ತೋಟದಿಂದ ಒಬ್ಬ ಕೂಲಿಯನ್ನು ತೆಗೆದರೂ ಕಾರಣ ಹೇಳಬೇಕೆಂದು ನಾವು ಹೋರಾಡುತ್ತೇವೆ. ದೇಶದ ಹೆಸರಿನಲ್ಲಿ ಆಡುವವನಿಗೆ ಅಷ್ಟೂ ಬೇಡವೆ?

ದೇಶದ ಹೆಸರು ಎಂದೆವು. 1928ರಲ್ಲಿ ಹುಟ್ಟಿದ ಮಂಡಳಿಯ ಜಾಣತನ ಇರುವುದು ಇಲ್ಲಿಯೇ. ಬಾವುಟ ದೇಶದ್ದು, ಲೆಕ್ಕಪತ್ರ ಮಾತ್ರ ಖಾಸಗಿ! ಅದು ಸಂವಿಧಾನದ ಅರ್ಥದಲ್ಲಿ ಸರಕಾರದ ಅಂಗವಲ್ಲವೆಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲೋಧಾ ಸಮಿತಿಯ ಸುಧಾರಣೆಗಳನ್ನು 2016ರಲ್ಲಿ ಒಪ್ಪಿದ ಅದೇ ಕೋರ್ಟು 2018ರಲ್ಲಿ ಅವುಗಳನ್ನು ಸಡಿಲಿಸಿತು. ಮಂಡಳಿಯನ್ನು ಮಾಹಿತಿ ಹಕ್ಕಿನ ಕೆಳಗೆ ತರಬೇಕೆಂದು ಕಾನೂನು ಆಯೋಗ 2018ರಲ್ಲಿ ಶಿಫಾರಸು ಮಾಡಿತು. 2025ರ ಕ್ರೀಡಾ ಆಡಳಿತ ಕಾಯಿದೆ ಬಂದಾಗ ಸರಕಾರದ ನೆರವು ಪಡೆಯುವ ಸಂಸ್ಥೆಗಳಿಗಷ್ಟೇ ಆ ಹಕ್ಕು ಎಂದಾಯಿತು. ಐಪಿಎಲ್ ಪಂದ್ಯಗಳನ್ನು ತೋರಿಸುವ ಐದು ವರ್ಷದ ಹಕ್ಕನ್ನೇ 2022ರಲ್ಲಿ 48,000 ಕೋಟಿ ರೂಪಾಯಿಗೂ ಮೇಲೆ ಮಾರಿದವರಿಗೆ ಸರಕಾರದ ನೆರವೇಕೆ ಬೇಕು? ಆ ಹಣದ ಮೂಲ ಆಟ ನೋಡುವ ಜನ. ನೋಡುವವನಿಗೆ ಕೇಳುವ ಹಕ್ಕಿಲ್ಲ!

ನಮ್ಮ ಅಂಗಳದಲ್ಲಿ

ಬೆಂಗಳೂರು, ಮುಂಬಯಿಗಳನ್ನು ಬೈದು ನಮ್ಮ ಅಂಗಳವನ್ನು ಮರೆಯುವುದು ಪ್ರಾಮಾಣಿಕತೆಯಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಿಗೆ ಬೆಳೆಯಿತು. ತಾತನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದಾದ ಅಂಥ ಕೂಟ ನಾಡಿನ ಹೆಮ್ಮೆ. ಅದರ ಹಾದಿಯಲ್ಲಿ ಕುಟುಂಬಗಳ, ಜನಾಂಗಗಳ ಕ್ರಿಕೆಟ್ ಪಂದ್ಯಾಟಗಳೂ ಬಂದಿವೆ. ಇವನ್ನು ನಿಲ್ಲಿಸಿ ಎನ್ನುವಷ್ಟು ಒಣಮನಸ್ಸಿನವರು ನಾವಲ್ಲ.

ಆದರೆ ಅಮ್ಮತ್ತಿಯ ಸುತ್ತಿನ ತೋಟಗಳ ಲೈನ್ ಮನೆಯಲ್ಲಿ ಬೆಳೆದ ಹುಡುಗನನ್ನು ಒಮ್ಮೆ ನೆನೆಯಿರಿ. ಯರವರ ಮಗ, ತಮಿಳು ಕೂಲಿಯ ಮಗ, ಮೊನ್ನೆ ಅಸ್ಸಾಮಿನಿಂದ ಬಂದವನ ಮಗ. ಅವನಿಗೆ ಮನೆತನದ ಹೆಸರಿನ ತಂಡವಿಲ್ಲ, ಜನಾಂಗದ ಹೆಸರಿನ ಕಪ್ಪಿಲ್ಲ. ಗದ್ದೆ ಕುಯ್ಲಾದ ಮೇಲೆ ಟೆನಿಸ್ ಚೆಂಡಿನಲ್ಲಿ ಎಷ್ಟೇ ಚೆನ್ನಾಗಿ ಎಸೆದರೂ ಅವನನ್ನು ಆರಿಸುವ ಕಣ್ಣು ಅಲ್ಲಿಗೆ ಬರುವುದಿಲ್ಲ. ಮುಂಬಯಿಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ ಎಂದು ತಂಡ ಕಟ್ಟಿ ಆಡಿಸುತ್ತಿದ್ದ ಪಂದ್ಯಗಳನ್ನು 1940ರಲ್ಲಿ ಗಾಂಧೀಜಿ ವಿರೋಧಿಸಿದರು. 1946ರ ಹೊತ್ತಿಗೆ ಅವು ನಿಂತವು. ಹುಟ್ಟಿನ ಗುರುತೇ ಆಟಕ್ಕೆ ಪ್ರವೇಶಪತ್ರವಾಗಬಾರದೆಂಬುದು ಅಂದಿನ ವಿವೇಕ. ಕುಟುಂಬದ ಕೂಟಗಳು ಇರಲಿ. ಅವುಗಳ ಪಕ್ಕದಲ್ಲಿ ಯಾರ ಮಗನೆಂದು ಕೇಳದ ಒಂದು ಮೈದಾನವೂ ಇರಲೇಬೇಕು.

ಆದ್ದರಿಂದ ಅಮ್ಮತ್ತಿಯ ಕ್ರಿಕೆಟ್ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಚರ್ಚೆ ಬಿಡಬೇಡಿ, ಅದನ್ನು ಬೇಡಿಕೆಯಾಗಿ ಮಾರ್ಪಡಿಸಿ. ತಂಡ ಪ್ರಕಟಿಸಿದ ದಿನವೇ, ಯಾರನ್ನು ಏಕೆ ಸೇರಿಸಿದೆವು, ಏಕೆ ಬಿಟ್ಟೆವು ಎಂದು ಆಯ್ಕೆದಾರರು ಬರೆದು ಪ್ರಕಟಿಸಲಿ. ಮಂಡಳಿಯೂ ರಾಜ್ಯ ಸಂಸ್ಥೆಗಳೂ ಮಾಹಿತಿ ಹಕ್ಕಿಗೆ ಒಳಪಡಲಿ, ಇದಕ್ಕಾಗಿ ನಮ್ಮ ಲೋಕಸಭಾ ಸದಸ್ಯರನ್ನು ಪತ್ರ ಬರೆದು ಕೇಳಿರಿ. ಹೋಬಳಿಗೊಂದು ಸಾರ್ವಜನಿಕ ಮೈದಾನವೂ ಅಲ್ಲಿ ವರ್ಷಕ್ಕೊಮ್ಮೆ ಬಹಿರಂಗ ಆಯ್ಕೆಯೂ ನಡೆಯಲೆಂದು ಮುಂದಿನ ಗ್ರಾಮಸಭೆಯಲ್ಲಿ ಠರಾವು ತನ್ನಿರಿ. ಠರಾವು ಮಂಡಿಸುವ ದಿನ ಲೈನ್ ಮನೆಯ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಅವರ ಪರವಾಗಿ ನೀವು ಮಾತಾಡುವುದಕ್ಕಿಂತ ಅವರೇ ಎದ್ದುನಿಂತು ಕೇಳುವುದು ಮೇಲು.