ಸೊಸೈಟಿ ಲೆಕ್ಕ ಕ್ಲೌಡ್‌ಗೆ ಹೋಗುವ ಮುನ್ನ ತಾಳೆಯಾಗಲಿ

ಅರಸೀಕೆರೆ ಸೀಮೆಯ ತೆಂಗು ಬೆಳೆಗಾರರ ಬೆಳೆಸಾಲ, ಗೊಬ್ಬರದ ಬಾಕಿ, ಷೇರು ಹಣದ ಲೆಕ್ಕವೆಲ್ಲ ಇರುವುದು ಸೊಸೈಟಿಯಲ್ಲಿ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ಮೊದಲಾದ ಈ ವ್ಯವಸ್ಥೆ ಬಹುಕಾಲ ನಡೆದದ್ದು ಕಿರ್ದಿ, ಲೆಡ್ಜರ್‌ಗಳ ಬಲದ ಮೇಲೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಒಂದೇ ತಂತ್ರಾಂಶ. ಮಾಹಿತಿ ಇರುವುದು ಕ್ಲೌಡ್‌ನಲ್ಲಿ, ಎಂದರೆ ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿ. ಯೋಜನೆ ಒಳ್ಳೆಯದು, ಬೇಕಾದದ್ದೇ. ಆದರೆ ಒಂದು ಸಂಘ ಹಳೆಯ ಪುಸ್ತಕ ಮುಚ್ಚಿ ಹೊಸ ತಂತ್ರಾಂಶವನ್ನೇ ನಂಬುವ ದಿನವನ್ನು ಗೊತ್ತುಮಾಡಬೇಕಾದದ್ದು ಮೇಲಿನಿಂದ ಬಂದ ಗುರಿಪಟ್ಟಿ ಅಲ್ಲ, ಆ ಸಂಘದ ಲೆಕ್ಕದ ತಾಳೆ.

ಕಂಪ್ಯೂಟರ್ ಬಂತು, ಯುಪಿಎಸ್ ಬಂತು, ಇಂಟರ್‌ನೆಟ್ ಲೈನ್ ಬಂತು ಎಂದರೆ ಸಂಘ ಸಿದ್ಧವಾಯಿತು ಎಂದು ಬರೆದುಕೊಳ್ಳುವುದು ಸುಲಭ. ನಿಜವಾದ ತೊಡಕಿರುವುದು ಲೆಡ್ಜರ್‌ನೊಳಗೆ. ಪಹಣಿಯಲ್ಲಿ ಅಜ್ಜನ ಹೆಸರು, ಸೊಸೈಟಿ ಪುಸ್ತಕದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜು. ತೀರಿಹೋದ ಸದಸ್ಯರ ಷೇರು ವಾರಸುದಾರರ ಹೆಸರಿಗೆ ಆಗಿರುವುದಿಲ್ಲ. ಇಂಥ ಗಂಟುಗಳನ್ನು ಕಾಗದದ ಕಾಲದಲ್ಲಿ ಬಿಡಿಸುತ್ತಿದ್ದುದು ಕಾರ್ಯದರ್ಶಿಯ ನೆನಪು. ಬಸಪ್ಪ, ಬಸವರಾಜು ಇಬ್ಬರೂ ಒಬ್ಬರೇ ಎಂದು ಅವರಿಗೆ ಗೊತ್ತಿತ್ತು. ತಂತ್ರಾಂಶಕ್ಕೆ ಅದು ಗೊತ್ತಿಲ್ಲ. 2018ರ ಸಾಲ ಮನ್ನಾ ಸಮಯದಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ ಹೊಂದದೆ ಎಷ್ಟೋ ರೈತರು ಅರ್ಹರ ‘ಗ್ರೀನ್ ಲಿಸ್ಟ್’ನಲ್ಲಿ ಹೆಸರು ಬರಲಿಲ್ಲವೆಂದು ಬ್ಯಾಂಕಿಗೂ ತಾಲ್ಲೂಕು ಕಚೇರಿಗೂ ಅಲೆದದ್ದನ್ನು ರಾಜ್ಯ ನೋಡಿದೆ. ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ಸಹಕಾರ ಸಂಘದ ಬೆಳೆಸಾಲಕ್ಕೆ ಶೂನ್ಯ ಬಡ್ಡಿ ಸಿಗುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ದಿನಗೂಲಿಗೆ ಬಂದ ಡೇಟಾ ಎಂಟ್ರಿ ಹುಡುಗ ಮಾರ್ಚ್ 3ನ್ನು 13 ಎಂದು ಒತ್ತಿದರೆ, ಸಕಾಲಕ್ಕೆ ಕಟ್ಟಿದ ರೈತ ಪರದೆಯ ಮೇಲೆ ಸುಸ್ತಿದಾರನಾಗುತ್ತಾನೆ. ಬಡ್ಡಿ ಬೀಳುತ್ತದೆ, ಮರುಸಾಲ ನಿಲ್ಲುತ್ತದೆ. ತಪ್ಪು ಯಾರದೆಂದು ಹುಡುಕುವ ಹೊತ್ತಿಗೆ ಬಿತ್ತನೆಯ ಹದ ಕಳೆದಿರುತ್ತದೆ.

ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸುಮಾರು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಒಂದೇ ಸಲಕ್ಕೆ ಸಾಗಿಸಿತು. ಮಾಹಿತಿ ಸರಿಯಾಗಿಯೇ ದಾಟಿತು. ಆದರೆ ಹೊಸ ವ್ಯವಸ್ಥೆಯೂ ಅದನ್ನು ನಡೆಸುವವರೂ ತಯಾರಿರಲಿಲ್ಲ. ಲಕ್ಷಾಂತರ ಗ್ರಾಹಕರಿಗೆ ತಮ್ಮ ಖಾತೆಯೇ ತೆರೆಯದಾಯಿತು; ಎಲ್ಲವೂ ಸರಿಹೋಗಲು ಆ ವರ್ಷದ ಡಿಸೆಂಬರ್ ಬರಬೇಕಾಯಿತು. 2022ರಲ್ಲಿ ನಿಯಂತ್ರಕರು ಹಾಕಿದ ದಂಡ 4.86 ಕೋಟಿ ಪೌಂಡ್. ಎಂಜಿನಿಯರುಗಳ ಪಡೆಯನ್ನೇ ಇಟ್ಟುಕೊಂಡ ಬ್ಯಾಂಕಿನ ಪಾಡು ಇದಾದರೆ, ಕಾರ್ಯದರ್ಶಿಯೊಬ್ಬರೇ ಸಾಲ ಬರೆದು, ಗೊಬ್ಬರ ತೂಗಿ, ಪಡಿತರವನ್ನೂ ಹಂಚುವ ಸಂಘದ ಪಾಡೇನು?

ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಸದ್ದು ಮಾಡಿದರೆ ಮಾತ್ರ ಸುಲಿಯುತ್ತಾರೆ. ಸಂಘದ ಲೆಕ್ಕಕ್ಕೂ ಅಂಥದೇ ಪರೀಕ್ಷೆ ಬೇಕು. ಕೆಲವು ತಿಂಗಳು ಕಿರ್ದಿಯೂ ತಂತ್ರಾಂಶವೂ ಜೊತೆಗೇ ನಡೆಯಲಿ. ತಿಂಗಳ ಕೊನೆಯಲ್ಲಿ ಎರಡರ ತಾಳೆಪಟ್ಟಿಯೂ ಪೈಸೆಗೆ ಪೈಸೆ ಹೊಂದಲಿ. ಪ್ರತಿ ಸದಸ್ಯನ ಕೈಗೆ ಅಸಲು, ಬಡ್ಡಿ, ವಾಯಿದೆ, ಷೇರು ಅಚ್ಚಾದ ಕನ್ನಡದ ಚೀಟಿ ಹೋಗಲಿ, ಅವನು ನೋಡಿ ಸಹಿ ಹಾಕಲಿ. ಲೈನ್ ಹೋದ ದಿನ ರಸೀದಿ ಕೊಡುವುದು ಹೇಗೆ, ಮರುದಿನ ಅದನ್ನು ಏರಿಸುವುದು ಯಾರು ಎಂಬುದನ್ನು ಒಮ್ಮೆ ಮಾಡಿಯೇ ನೋಡಲಿ. ಇಷ್ಟಾದ ಮೇಲೆ ಪುಸ್ತಕ ಮುಚ್ಚಿದರೆ ಯಾರಿಗೂ ಭಯವಿಲ್ಲ.

ಹೀಗೆ ಕಾಯುತ್ತ ಕೂತರೆ ಕಾಗದದ ಮರೆಯಲ್ಲಿ ಬೇನಾಮಿ ಸಾಲ ಮಾಡುವವರಿಗೇ ಅನುಕೂಲ ಎನ್ನುವವರಿದ್ದಾರೆ. ಆ ಆತಂಕ ನಿಜ. ಕೆಲವರಿಗೆ ಲೆಕ್ಕ ಎಂದೂ ಹೊರಬರಬಾರದು. ಆದ್ದರಿಂದಲೇ ಜೋಡಿ ಲೆಕ್ಕಕ್ಕೊಂದು ಗಡುವು ಇರಬೇಕು, ಗಡುವಿನೊಳಗೆ ತಾಳೆಯಾಗದ ಸಂಘಕ್ಕೆ ಲೆಕ್ಕ ಪರಿಶೋಧಕರು ಹೋಗಬೇಕು. ಆದರೆ ಬೇನಾಮಿ ಸಾಲವನ್ನು ಪರಿಶೀಲಿಸದೆ ಕ್ಲೌಡ್‌ಗೆ ಏರಿಸಿದರೆ ಅದು ಬಯಲಾಗುವುದಿಲ್ಲ. ಸರ್ಕಾರಿ ಮೊಹರಿನ ಆರಂಭಿಕ ಶಿಲ್ಕಾಗಿ ಕೂತುಬಿಡುತ್ತದೆ. ಅಕ್ರಮ ಹಿಡಿಯಬೇಕೆನ್ನುವವರೇ ಸದಸ್ಯರ ಸಹಿಯ ಚೀಟಿಗೆ ಮೊದಲು ಪಟ್ಟುಹಿಡಿಯಬೇಕು.

ಗೆದ್ದಲು ಹತ್ತುವ ಬೀರುವಿಗಿಂತ ಡೇಟಾ ಸೆಂಟರ್ ಸುರಕ್ಷಿತ ಎಂಬುದು ಇನ್ನೊಂದು ವಾದ. ಬೆಂಕಿ, ಮಳೆ, ಗೆದ್ದಲಿನ ಮಟ್ಟಿಗೆ ಖಂಡಿತ ಹೌದು. ಆದರೆ 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಸೋಂಕು ಹರಡದಂತೆ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದರ ಸಂಪರ್ಕ ಕಡಿಯಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು ಸೇರಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ನಿಂತಿತು. ಒಂದೇ ಕಡೆ ಕೂಡಿಟ್ಟದ್ದು ನಿಂತರೆ ಎಲ್ಲರದೂ ಒಟ್ಟಿಗೇ ನಿಲ್ಲುತ್ತದೆ. ಅದಕ್ಕೇ ಪ್ರತಿ ಸಂಘವೂ ತನ್ನ ಲೆಕ್ಕದ ಪೂರ್ತಿ ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿ ತನ್ನ ಬಳಿ ಇಟ್ಟುಕೊಳ್ಳುವ ಹಕ್ಕನ್ನೂ ಅಭ್ಯಾಸವನ್ನೂ ಮೊದಲ ದಿನದಿಂದ ಪಡೆಯಬೇಕು.

ಎರಡೆರಡು ಲೆಕ್ಕ ಬರೆಯಲು ಆಳೆಲ್ಲಿ ಎಂಬ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು. ಸಿಬ್ಬಂದಿಯ ಮೇಲೆ ಇನ್ನಷ್ಟು ಹೊರೆ ಹೊರಿಸಿ, ತಪ್ಪಾದರೆ ಅವರನ್ನೇ ಬೈಯುವುದು ಅನ್ಯಾಯ. ಆದರೆ ಲೆಕ್ಕ ಹಾಕಿದರೆ ಯೋಜನೆಯ ಮಂಜೂರಾತಿಯಲ್ಲಿ ಸಂಘವೊಂದಕ್ಕೆ ಸರಾಸರಿ ಸುಮಾರು 4 ಲಕ್ಷ ರೂಪಾಯಿ ಇತ್ತು. ಹಳೆಯ ದಾಖಲೆಗಳ ಗಣಕೀಕರಣ, ತರಬೇತಿ ಎರಡೂ ಅದರ ಉದ್ದೇಶಗಳೇ. ಆ ಹಣದಲ್ಲಿ, ವಸೂಲಿಯ ಭರಾಟೆಯ ಮಾರ್ಚ್ ಬಿಟ್ಟು ಬೇರೆ ತಿಂಗಳಲ್ಲಿ, ಲೆಕ್ಕ ಬಲ್ಲ ಒಬ್ಬರನ್ನು ಸಂಘಕ್ಕೆ ಕೊಡಿ. ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನ ಮೇಲ್ವಿಚಾರಕರು ತಾಳೆಪಟ್ಟಿ ನೋಡಿ ರುಜು ಹಾಕಲಿ. ಮೇಲಕ್ಕೆ ಕಳಿಸುವ ಪ್ರಗತಿ ವರದಿಯಲ್ಲಿ ‘ಇನ್ನೂ ಸಿದ್ಧವಿಲ್ಲ’ ಎಂಬ ಕಾಲಂ ಇರಲಿ. ಅದನ್ನು ತುಂಬಿದ ಕಾರ್ಯದರ್ಶಿಗೆ ನೋಟಿಸ್ ಬರುವ ಬದಲು ನೆರವು ಬರಲಿ.